ಕರೆಂಟ್ ಹೋದಾಗಲೂ ಬೇಸ್‌ಮೆಂಟಿನ ಪಂಪು ಓಡಬೇಕಾದರೆ: ಬ್ಯಾಟರಿ ಬ್ಯಾಕಪ್‌ನ ಆರೈಕೆ ಮತ್ತು ರಿಪೇರಿ

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಬೇಸ್‌ಮೆಂಟ್ ಪಾರ್ಕಿಂಗ್ ಇರುವ ಕಟ್ಟಡಗಳ ಮೂಲೆಯಲ್ಲಿ ಸಾಮಾನ್ಯವಾಗಿ ಒಂದು ಗುಂಡಿ, ಅದರೊಳಗೆ ಒಂದು ಸಬ್‌ಮರ್ಸಿಬಲ್ ಪಂಪು ಇರುತ್ತದೆ. ಇದು ಕುಡಿಯುವ ನೀರಿನ ಸಂಪ್ ಅಲ್ಲ. ರ‍್ಯಾಂಪಿನಲ್ಲಿ ಇಳಿದು ಬರುವ ಮಳೆನೀರು, ಗೋಡೆಯ ಆಚೆಯ ಕೆಂಪುಕಲ್ಲಿನ ಮಣ್ಣಿನಿಂದ ಒಸರುವ ನೀರು, ಕಾರು ತೊಳೆದ ನೀರು ಎಲ್ಲ ಬಂದು ಸೇರುವುದು ಇಲ್ಲಿಗೆ. ಗುಂಡಿ ತುಂಬುವ ಹೊತ್ತಿಗೇ ಕರೆಂಟ್ ಹೋಗುವುದು ನಮ್ಮ ಕಡೆಯ ಮಾಮೂಲಿ ಕಥೆ. ಗಾಳಿಮಳೆಗೆ ಮರ ಲೈನಿನ ಮೇಲೆ ಬಿದ್ದರೆ ಮೆಸ್ಕಾಂ ಸಿಬ್ಬಂದಿ ಬಂದು ಕಡಿದು ತೆಗೆದು ಲೈನ್ ಎಳೆಯುವವರೆಗೆ ಕಾಯಲೇಬೇಕು. ಬ್ಯಾಟರಿ ಬೇಕಾಗುವುದು ಆ ಕೆಲವು ಗಂಟೆಗಳಿಗೆ. ವರ್ಷವಿಡೀ ಮೂಲೆಯಲ್ಲಿ ಸುಮ್ಮನೆ ಕೂತ ಬ್ಯಾಟರಿ ಆ ದಿನ ಕೈಕೊಟ್ಟರೆ ಅಷ್ಟೂ ಖರ್ಚು ದಂಡ.

ತಪಾಸಣೆ ಯಾವಾಗ ಎಂದು ಕೇಳಿದರೆ ಪತ್ತನಾಜೆಗೆ ಮೊದಲು, ಅಂದರೆ ಮೇ ಮೂರನೇ ವಾರದೊಳಗೆ. ಜೂನ್‌ಗೆ ನೋಡಿದರಾಯಿತು ಎನ್ನುವವರು 2018ರ ಮೇ 29ನ್ನು ನೆನಪಿಸಿಕೊಳ್ಳಬೇಕು. ಅವತ್ತಿನ ಒಂದೇ ಮಳೆಗೆ ಮಂಗಳೂರಿನ ತಗ್ಗು ಪ್ರದೇಶಗಳಲ್ಲಿ ನೀರು ಮನೆಯೊಳಗೆ ನುಗ್ಗಿತ್ತು. ಆಟಿ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ಕಳೆಯಿತು, ಇನ್ನೇನು ಎನ್ನುವುದೂ ತಪ್ಪೇ. ಉಡುಪಿ ಮುಳುಗಿದ್ದು 2020ರ ಸೆಪ್ಟೆಂಬರ್ 20ರಂದು. ಹಾಗಾಗಿ ಮೇ ತಿಂಗಳಲ್ಲಿ ಒಂದು ದೊಡ್ಡ ತಪಾಸಣೆ, ಸೆಪ್ಟೆಂಬರ್ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಸಣ್ಣ ತಪಾಸಣೆ ಎಂದು ಇಟ್ಟುಕೊಳ್ಳಿ.

ನಿಮ್ಮಲ್ಲಿರುವುದು ಯಾವ ಬಗೆ?

ಎರಡು ಬಗೆಯ ವ್ಯವಸ್ಥೆ ಇದೆ. ಒಂದರಲ್ಲಿ ಇರುವ 230 ವೋಲ್ಟ್ ಪಂಪನ್ನೇ ಇನ್ವರ್ಟರ್ ಮೂಲಕ ಓಡಿಸುತ್ತಾರೆ. ಇನ್ನೊಂದರಲ್ಲಿ ಮುಖ್ಯ ಪಂಪಿನ ಪಕ್ಕದಲ್ಲಿ 12 ಅಥವಾ 24 ವೋಲ್ಟಿನ ಡಿಸಿ ಪಂಪು ಬೇರೆಯೇ ಇರುತ್ತದೆ. ಅದಕ್ಕೆ ತನ್ನದೇ ಫ್ಲೋಟ್ ಸ್ವಿಚ್ (ನೀರು ಏರಿದಾಗ ತೇಲಿ ಪಂಪನ್ನು ಆನ್ ಮಾಡುವಂಥದ್ದು), ತನ್ನದೇ ಚಾರ್ಜರ್. ಎರಡನೆಯದಕ್ಕೆ ಖರ್ಚು ಹೆಚ್ಚು, ಆದರೆ ಮುಖ್ಯ ಪಂಪು ಸುಟ್ಟು ಹೋದರೂ ಅದು ಕೆಲಸ ಮಾಡುತ್ತದೆ. ಮೊದಲ ಬಗೆಯಲ್ಲಿ ಪಂಪು ಕೆಟ್ಟರೆ ಬ್ಯಾಟರಿ ಎಷ್ಟು ತುಂಬಿದ್ದರೂ ಪ್ರಯೋಜನವಿಲ್ಲ. ಹೊಸದಾಗಿ ಹಾಕಿಸುವವರಿಗೆ ಎರಡನೆಯದೇ ಒಳ್ಳೆಯದು. ಈಗಾಗಲೇ ಮೊದಲನೆಯದು ಇದ್ದರೆ ಕಿತ್ತು ಹಾಕಬೇಕಾಗಿಲ್ಲ, ಒಂದು ಪಂಪು ಹೆಚ್ಚುವರಿಯಾಗಿ ತಂದು ಸ್ಟೋರ್ ರೂಮಿನಲ್ಲಿಟ್ಟರೆ ಸಾಕು.

ಇನ್ವರ್ಟರ್ ವಿಷಯದಲ್ಲಿ ಆಗುವ ಮುಖ್ಯ ತಪ್ಪು, ಮನೆಗೆ ಲೈಟು-ಫ್ಯಾನಿಗಾಗಿ ತಂದ ಸಣ್ಣ ಇನ್ವರ್ಟರಿಗೇ ಪಂಪನ್ನೂ ಜೋಡಿಸುವುದು. ಅರ್ಧ ಎಚ್‌ಪಿ ಪಂಪು ಓಡುವಾಗ ಸುಮಾರು 600 ವ್ಯಾಟ್ ಎಳೆಯುತ್ತದೆ, ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಕರೆಂಟ್ ಕೇಳುತ್ತದೆ. 850 ಅಥವಾ 1000 ವಿಎ ಇನ್ವರ್ಟರು ಆ ಕ್ಷಣದಲ್ಲೇ ಓವರ್‌ಲೋಡ್ ಎಂದು ಕೂಗಿ ನಿಲ್ಲುತ್ತದೆ. ಅರ್ಧ ಎಚ್‌ಪಿಗೆ ಕನಿಷ್ಠ 2 ಕೆವಿಎ, ಒಂದು ಎಚ್‌ಪಿಗೆ 3.5 ಕೆವಿಎ ಇರಲಿ. ಅದೂ ಸೈನ್ ವೇವ್ ಇನ್ವರ್ಟರೇ ಆಗಬೇಕು. ಸ್ಕ್ವೇರ್ ವೇವ್‌ನಲ್ಲಿ ಪಂಪಿನ ಮೋಟಾರು ಗೊಂಯ್ ಎಂದು ಬಿಸಿಯಾಗುತ್ತದೆ, ಬೇಗ ಹಾಳಾಗುತ್ತದೆ. ಜೊತೆಗೆ ಪಂಪಿನ ಇನ್ವರ್ಟರಿಗೆ ಬೇರೆ ಏನನ್ನೂ ಜೋಡಿಸಬೇಡಿ. ಕಾರಿಡಾರಿನ ಲೈಟುಗಳು ರಾತ್ರಿಯಿಡೀ ಬ್ಯಾಟರಿ ಕುಡಿದಿಟ್ಟರೆ ಬೆಳಗಿನ ಜಾವದ ಮಳೆಗೆ ಪಂಪಿಗೆ ಏನೂ ಉಳಿದಿರುವುದಿಲ್ಲ. ಜನರೇಟರ್ ಇರುವ ಕಟ್ಟಡವಾದರೆ ಪಂಪಿನ ಲೈನು ಜನರೇಟರಿಗೆ ಸೇರಿದೆಯೇ ಎಂದು ಒಮ್ಮೆ ನೋಡಿ. ಲಿಫ್ಟು, ಕಾಮನ್ ಲೈಟು ಸೇರಿಸಿ ಗುಂಡಿಯ ಪಂಪನ್ನು ಮರೆತಿರುವ ಕಟ್ಟಡಗಳೂ ಇವೆ.

ಎಷ್ಟು ಹೊತ್ತು ಓಡೀತು? ಲೆಕ್ಕ ಹೀಗೆ

ಜೋರು ಮಳೆ ಬರುತ್ತಿರುವ ದಿನ ಪಂಪನ್ನು ಐದು ನಿಮಿಷ ನಿಲ್ಲಿಸಿ, ಗುಂಡಿಯ ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿ ನೀರು ಎಷ್ಟು ಏರುತ್ತದೆ ನೋಡಿ. ಮೂರಡಿ ಉದ್ದ, ಮೂರಡಿ ಅಗಲದ ಗುಂಡಿಯಲ್ಲಿ ಒಂದು ಇಂಚು ಎಂದರೆ ಸುಮಾರು 21 ಲೀಟರ್. ನಾಲ್ಕು ನಿಮಿಷದಲ್ಲಿ ಆರು ಇಂಚು ಏರಿದರೆ ನಿಮಿಷಕ್ಕೆ ಹೆಚ್ಚುಕಡಿಮೆ 32 ಲೀಟರ್ ಒಳಬರುತ್ತಿದೆ ಎಂದಾಯಿತು. ಹಾಗೆಯೇ ಪಂಪು ಓಡುವಾಗ ನೀರು ಎಷ್ಟು ಬೇಗ ಇಳಿಯುತ್ತದೆ ಎಂದು ನೋಡಿ, ಇಳಿದ ಲೆಕ್ಕಕ್ಕೆ ಒಳಬರುತ್ತಿರುವುದನ್ನೂ ಕೂಡಿಸಿದರೆ ಪಂಪು ನಿಜಕ್ಕೂ ಎತ್ತುತ್ತಿರುವ ನೀರು ಸಿಗುತ್ತದೆ. ಪಂಪಿನ ಮೇಲಿನ ಚೀಟಿಯಲ್ಲಿ ದೊಡ್ಡದಾಗಿ ಬರೆದ ಲೀಟರ್ ಲೆಕ್ಕ ನಂಬಬೇಡಿ, ಅದು ನೀರನ್ನು ಮೇಲೆತ್ತದೆ ಸುಮ್ಮನೆ ಹೊರಚೆಲ್ಲುವಾಗಿನದು. ಗುಂಡಿಯ ತಳದಿಂದ ರಸ್ತೆಮಟ್ಟದ ಪೈಪಿನ ಬಾಯಿಗೆ ನಾಲ್ಕೈದು ಮೀಟರ್ ಇರುತ್ತದೆ, ಬೆಂಡುಗಳ ತಡೆ ಬೇರೆ.

ಪಂಪು ನಿಮಿಷಕ್ಕೆ 120 ಲೀಟರ್ ಎತ್ತುತ್ತದೆ ಎಂದಿಟ್ಟುಕೊಳ್ಳಿ. ಒಳಬರುವುದು 32 ಲೀಟರ್ ಆದ್ದರಿಂದ ಅದು ಓಡಬೇಕಾದದ್ದು ಒಟ್ಟು ಹೊತ್ತಿನ ಕಾಲು ಭಾಗಕ್ಕಿಂತ ತುಸು ಹೆಚ್ಚು. ಈಗ ಬ್ಯಾಟರಿ. 12 ವೋಲ್ಟ್ 150 ಆಂಪಿಯರ್ ಅವರ್‌ನ ಎರಡು ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಕಾಗದದ ಮೇಲೆ 3600 ವ್ಯಾಟ್ ಅವರ್ ಇದೆ. ಬ್ಯಾಟರಿ ಬಾಳಬೇಕಾದರೆ ಶೇ. 60ಕ್ಕಿಂತ ಹೆಚ್ಚು ಖಾಲಿ ಮಾಡಬಾರದು, ಇನ್ವರ್ಟರಿನಲ್ಲಿ ಶೇ. 20ರಷ್ಟು ಸೋರಿಹೋಗುತ್ತದೆ, ಇಷ್ಟು ದೊಡ್ಡ ಕರೆಂಟ್ ಎಳೆದಾಗ ಬ್ಯಾಟರಿಯ ಶಕ್ತಿ ಇನ್ನೂ ಸ್ವಲ್ಪ ಕುಗ್ಗುತ್ತದೆ. 600 ವ್ಯಾಟಿನ ಪಂಪು ಒಂದೇ ಸಮ ಓಡಿದರೆ ಕೈಗೆ ಸಿಗುವುದು ಸುಮಾರು ಎರಡೂವರೆ ಗಂಟೆ. ಬಿಟ್ಟುಬಿಟ್ಟು ಓಡಿದರೆ, ಇನ್ವರ್ಟರು ಸುಮ್ಮನೆ ಆನ್ ಇದ್ದಾಗ ತಿನ್ನುವ 30 ವ್ಯಾಟನ್ನೂ ಕಳೆದು, ಏಳೆಂಟು ಗಂಟೆ. ಮಳೆ ದುಪ್ಪಟ್ಟಾದರೆ ಇದೇ ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ. ಇದು ಹೊಸ ಬ್ಯಾಟರಿಯ ಲೆಕ್ಕ, ಮೂರು ವರ್ಷ ಹಳೆಯದಾದರೆ ಇನ್ನೂ ಕಡಿಮೆ ಹಿಡಿಯಿರಿ.

ಖಾಲಿಯಾದ ಈ ಎರಡು ಬ್ಯಾಟರಿ 15 ಆಂಪಿಯರ್ ಚಾರ್ಜಿಂಗ್‌ನಲ್ಲಿ ಮತ್ತೆ ತುಂಬಲು ಸುಮಾರು ಎಂಟು ಗಂಟೆ ಬೇಕು. ಕರೆಂಟ್ ಎರಡು ಗಂಟೆ ಬಂದು ಮತ್ತೆ ಹೋಯಿತು ಎಂದರೆ ಎರಡನೇ ಸಲ ನಿಮ್ಮ ಕೈಯಲ್ಲಿರುವುದು ಅರೆ ತುಂಬಿದ ಬ್ಯಾಟರಿ. ಆಟಿಯ ದಿನಗಳಲ್ಲಿ ಬ್ಯಾಕಪ್ ಕೈಕೊಡುವುದು ಹೆಚ್ಚಾಗಿ ಹೀಗೆಯೇ.

ತಪಾಸಣೆ: ನೀರು ಹಾಕಿಯೇ ನೋಡಬೇಕು

ಇನ್ವರ್ಟರಿನ ಹಸಿರು ದೀಪ ಉರಿಯುತ್ತಿದೆ, ಕೋಲಿನಿಂದ ಫ್ಲೋಟ್ ಎತ್ತಿದರೆ ಪಂಪು ಸದ್ದು ಮಾಡುತ್ತದೆ, ಎಲ್ಲ ಸರಿ ಇದೆ ಎಂದು ಬಿಡುವವರೇ ಹೆಚ್ಚು. ಕೋಲಿನಿಂದ ಎತ್ತಿದರೆ ಫ್ಲೋಟಿನೊಳಗಿನ ಸ್ವಿಚ್ ಸರಿಯಿದೆ ಎಂದಷ್ಟೇ ಗೊತ್ತಾಗುತ್ತದೆ. ಅದು ತಾನಾಗಿ ತೇಲುತ್ತದೆಯೇ, ಪಂಪು ನೀರು ಹೊರಹಾಕುತ್ತದೆಯೇ, ಬ್ಯಾಟರಿ ಅರ್ಧ ಗಂಟೆ ತಡೆಯುತ್ತದೆಯೇ ಎಂಬುದು ಗೊತ್ತಾಗಬೇಕಾದರೆ ಗುಂಡಿಗೆ ನೀರು ಬಿಡಬೇಕು.

1. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಲಿ. ಇನ್ವರ್ಟರಿಗೆ ಹೋಗುವ ಎಂಸಿಬಿ ಆಫ್ ಮಾಡಿ. ಡಿಸಿ ಪಂಪಾದರೆ ಮುಖ್ಯ ಪಂಪಿನದ್ದನ್ನೂ ಚಾರ್ಜರಿನದ್ದನ್ನೂ ಆಫ್ ಮಾಡಬೇಕು.
2. ಹೋಸಿನಿಂದ ಗುಂಡಿಗೆ ನೀರು ಬಿಡಿ. ಯಾವ ಮಟ್ಟದಲ್ಲಿ ಪಂಪು ಆನ್ ಆಯಿತು, ಯಾವ ಮಟ್ಟದಲ್ಲಿ ಆಫ್ ಆಯಿತು ಎಂದು ಗೋಡೆಗೆ ಗುರುತು ಹಾಕಿ.
3. ಒಬ್ಬರು ಹೊರಗೆ ಪೈಪಿನ ಬಾಯಿಯ ಹತ್ತಿರ ನಿಂತು ನೀರು ರಭಸದಿಂದ ಬರುತ್ತಿದೆಯೇ ನೋಡಲಿ.
4. ಪಂಪು ಓಡುತ್ತಿರುವಾಗಲೇ ಪ್ರತಿ ಬ್ಯಾಟರಿಯ ವೋಲ್ಟೇಜನ್ನು ಮಲ್ಟಿಮೀಟರಿನಿಂದ ಬೇರೆ ಬೇರೆಯಾಗಿ ಅಳೆದು ಬರೆದಿಡಿ. ಹತ್ತು ನಿಮಿಷಕ್ಕೊಮ್ಮೆಯಂತೆ ಅರ್ಧ ಗಂಟೆ ಹೀಗೆ ಮಾಡಿ. ಗುಂಡಿಯಲ್ಲಿ ನೀರು ಕಡಿಮೆಯಾಗದಂತೆ ಹೋಸ್ ಬಿಟ್ಟಿರಿ, ನೀರಿಲ್ಲದೆ ಓಡಿದರೆ ಪಂಪಿನ ಸೀಲ್ ಸುಡುತ್ತದೆ.
5. ಮುಗಿದ ಮೇಲೆ ಎಂಸಿಬಿಗಳನ್ನು ಮರೆಯದೆ ಆನ್ ಮಾಡಿ.

ಲೋಡಿನಲ್ಲಿ ಅರ್ಧ ಗಂಟೆಯ ಬಳಿಕವೂ ಒಂದೊಂದು ಬ್ಯಾಟರಿ 11.8 ವೋಲ್ಟಿನ ಮೇಲಿದ್ದರೆ ಚಿಂತೆಯಿಲ್ಲ. ಮೊದಲ ಹತ್ತು ನಿಮಿಷದಲ್ಲೇ 11ಕ್ಕೆ ಇಳಿದರೆ ಅದರ ಆಯಸ್ಸು ಮುಗಿದಿದೆ. 10.5ರ ಆಸುಪಾಸಿನಲ್ಲಿ ಇನ್ವರ್ಟರು ತಾನಾಗಿ ನಿಲ್ಲುತ್ತದೆ. ಎರಡು ಬ್ಯಾಟರಿಗಳ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕಡಿಮೆ ತೋರಿಸುವುದರಲ್ಲಿ ಯಾವುದೋ ಸೆಲ್ ಕೆಟ್ಟಿದೆ.

ಏನು ಕೆಡುತ್ತದೆ, ಯಾಕೆ ಕೆಡುತ್ತದೆ

ರಿಪೇರಿಗೆ ಕೈಹಾಕುವ ಮೊದಲು ಒಂದು ಮಾತು. ಇನ್ವರ್ಟರ್ ಇರುವಲ್ಲಿ ಮೇನ್ ಸ್ವಿಚ್ ಆಫ್ ಮಾಡಿದರೂ ಪಂಪಿನ ತಂತಿಯಲ್ಲಿ 230 ವೋಲ್ಟ್ ಇರುತ್ತದೆ. ಮೇನ್ ತೆಗೆಯುತ್ತಲೇ ಇನ್ವರ್ಟರು ಎಚ್ಚೆತ್ತು ಕರೆಂಟ್ ಕೊಡಲು ಶುರುಮಾಡುತ್ತದೆ! ಇನ್ವರ್ಟರನ್ನೂ ಆಫ್ ಮಾಡಿ, ಪಂಪಿನ ಪ್ಲಗ್ ಕಿತ್ತ ಮೇಲೆಯೇ ಗುಂಡಿಗೆ ಕೈ ಹಾಕಬೇಕು. ಬೇಸ್‌ಮೆಂಟಿನಲ್ಲಿ ಆಗಲೇ ನೀರು ನಿಂತಿದ್ದರೆ ಅದರಲ್ಲಿ ಕಾಲಿಡಬೇಡಿ, ಮೇಲಿನ ಪ್ಯಾನೆಲಿನಿಂದಲೇ ಎಲ್ಲ ಕಡಿದುಹಾಕಿ. 230 ವೋಲ್ಟಿನ ಪಂಪಿಗೆ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ತಿಂಗ್ ಇಲ್ಲದಿದ್ದರೆ ಉಳಿದೆಲ್ಲಕ್ಕಿಂತ ಮೊದಲು ಅದನ್ನು ಹಾಕಿಸಿ.

ಪಂಪು ಆನ್ ಆಗುವುದೇ ಇಲ್ಲ ಎಂದಾದರೆ ಮೊದಲ ಅನುಮಾನ ಫ್ಲೋಟಿನ ಮೇಲೆ. ಅದರ ಕೇಬಲ್ ಪಂಪಿನ ಹ್ಯಾಂಡಲಿಗೋ ಪೈಪಿಗೋ ಸುತ್ತಿಕೊಂಡಿರುತ್ತದೆ, ಇಲ್ಲವೇ ಗೋಡೆಗೆ ಒತ್ತಿ ನಿಂತಿರುತ್ತದೆ. ನಮ್ಮ ಕೆಂಪುಕಲ್ಲಿನ ನೆಲದಿಂದ ಬರುವ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ಅದು ಗುಂಡಿಯಲ್ಲಿ ಕಿತ್ತಳೆ ಬಣ್ಣದ ಲೋಳೆಯಾಗಿ ಫ್ಲೋಟಿಗೂ ಪಂಪಿನ ಜಾಲರಿಗೂ ಮೆತ್ತಿಕೊಳ್ಳುತ್ತದೆ. ಒಂದು ಮಳೆಗಾಲ ಬಿಟ್ಟರೆ ಬೆರಳಿನಷ್ಟು ದಪ್ಪ ಕಟ್ಟಿ, ಫ್ಲೋಟ್ ಭಾರವಾಗಿ ಅರ್ಧಕ್ಕೇ ತೇಲುತ್ತದೆ. ಗಟ್ಟಿ ಬ್ರಷ್ ಹಾಕಿ ಉಜ್ಜಿ ತೊಳೆದರೆ ಹೋಗುತ್ತದೆ. ತೊಳೆದ ಮೇಲೂ ಫ್ಲೋಟ್ ಬಕೆಟ್ಟಿನ ನೀರಿನಲ್ಲಿ ಮುಳುಗಿದರೆ ಅಥವಾ ಅಲುಗಿಸಿದಾಗ ಒಳಗೆ ನೀರಿನ ಸದ್ದು ಬಂದರೆ ಬದಲಾಯಿಸಿ. ಎರಡು ಪಂಪು ಇರುವಲ್ಲಿ ಬ್ಯಾಕಪ್ಪಿನ ಫ್ಲೋಟ್ ಮುಖ್ಯ ಪಂಪಿನ ಫ್ಲೋಟಿಗಿಂತ ಮೂರು-ನಾಲ್ಕು ಇಂಚು ಮೇಲಿರಲಿ. ಒಂದೇ ಮಟ್ಟದಲ್ಲಿದ್ದರೆ ಕರೆಂಟ್ ಇರುವಾಗಲೂ ಎರಡೂ ಓಡಿ ಬ್ಯಾಟರಿ ಸುಮ್ಮನೆ ಖಾಲಿಯಾಗುತ್ತದೆ.

ಪಂಪಿನ ಸದ್ದು ಕೇಳುತ್ತದೆ, ನೀರು ಇಳಿಯುವುದಿಲ್ಲ. ಇದಕ್ಕೆ ಹಲವು ಕಾರಣ. ಗುಂಡಿಯ ನೀರು ಒಂದು ಕಡೆ ಸುಳಿಯಂತೆ ತಿರುಗುತ್ತಿದ್ದರೆ ಪಂಪು ಎತ್ತಿದ ನೀರು ಇನ್ನೊಂದು ಪಂಪಿನ ಮೂಲಕ ವಾಪಸು ಇಳಿಯುತ್ತಿದೆ. ಎರಡೂ ಪಂಪು ಒಂದೇ ಪೈಪಿಗೆ ಸೇರಿದಲ್ಲಿ ಪ್ರತಿ ಪಂಪಿಗೂ ಸೇರುವ ಜಾಗಕ್ಕಿಂತ ಮೊದಲು ನೀರನ್ನು ಹಿಂದಕ್ಕೆ ಬಿಡದ ವಾಲ್ವ್, ಅಂದರೆ ಬೇರೆ ಬೇರೆ ಎನ್‌ಆರ್‌ವಿ ಇರಬೇಕು. ಖರ್ಚು ಉಳಿಸಲು ಸೇರಿದ ಮೇಲೆ ಒಂದನ್ನೇ ಹಾಕಿರುವುದನ್ನು ಬೇಕಾದಷ್ಟು ಕಡೆ ಕಾಣಬಹುದು. ಎನ್‌ಆರ್‌ವಿ ಇದ್ದೂ ಹೀಗಾದರೆ ಬಿಚ್ಚಿ ನೋಡಿ. ಒಳಗಿನ ರೆಕ್ಕೆಗೆ ಜಲ್ಲಿಚೂರೋ ತೆಂಗಿನ ನಾರೋ ಸಿಕ್ಕಿ ಅದು ತೆರೆದೇ ನಿಂತಿರುತ್ತದೆ.

ಸುಳಿ ಇಲ್ಲ, ಹೊರಗೂ ನೀರಿಲ್ಲ ಎಂದಾದರೆ ಏರ್‌ಲಾಕ್. ಬೇಸಿಗೆಯಲ್ಲಿ ಒಣಗಿದ ಗುಂಡಿಗೆ ಮೊದಲ ಮಳೆಯ ನೀರು ಬಂದಾಗ ಪಂಪಿಗೂ ಎನ್‌ಆರ್‌ವಿಗೂ ನಡುವೆ ಗಾಳಿ ಸಿಕ್ಕಿಬೀಳುತ್ತದೆ. ಇಂಪೆಲ್ಲರು (ಪಂಪಿನೊಳಗೆ ನೀರನ್ನು ತಳ್ಳುವ ಚಕ್ರ) ಗಾಳಿಯಲ್ಲೇ ತಿರುಗುತ್ತಿರುತ್ತದೆ. ಪರಿಹಾರ ತೀರಾ ಸರಳ: ಪಂಪಿನ ಬಾಯಿಗೂ ಎನ್‌ಆರ್‌ವಿಗೂ ನಡುವಿನ ಪೈಪಿಗೆ 3ರಿಂದ 4 ಮಿಲಿಮೀಟರಿನ ಒಂದು ತೂತು, ಡ್ರಿಲ್ಲನ್ನು ಓರೆ ಹಿಡಿದು ನೀರು ಕೆಳಮುಖವಾಗಿ ಗುಂಡಿಗೇ ಬೀಳುವಂತೆ. ಪಂಪು ಓಡುವಾಗ ಅದರಿಂದ ಸಣ್ಣ ಧಾರೆ ಚಿಮ್ಮುತ್ತದೆ. ಅದು ಲೀಕ್ ಎಂದುಕೊಂಡು ಪ್ಲಂಬರ್ ಎಂಸೀಲ್ ಮೆತ್ತದಂತೆ ನೋಡಿಕೊಳ್ಳಿ.

ಬರೀ ಗೊಂಯ್ ಎನ್ನುತ್ತದೆ, ಸ್ವಲ್ಪ ಹೊತ್ತಿಗೆ ಟ್ರಿಪ್ ಆಗುತ್ತದೆ ಎಂದರೆ ಇಂಪೆಲ್ಲರ್ ಜಾಮ್ ಆಗಿದೆ ಅಥವಾ ಕೆಪಾಸಿಟರ್ ಹೋಗಿದೆ. ಪ್ಲಗ್ ಕಿತ್ತು, ಪಂಪನ್ನು ಹಗ್ಗ ಹಿಡಿದು ಮೇಲೆತ್ತಿ (ಕೇಬಲ್ ಹಿಡಿದು ಎಳೆಯಬೇಡಿ), ತಳದ ಜಾಲರಿಯ ಸ್ಕ್ರೂಗಳನ್ನು ಬಿಚ್ಚಿ. ಪ್ಲಾಸ್ಟಿಕ್ ಕವರು, ಎಲೆ, ಗಟ್ಟಿಯಾದ ಕೆಂಪುಮಣ್ಣು ಇದ್ದರೆ ತೆಗೆದು, ಇಂಪೆಲ್ಲರು ಕೈಯಲ್ಲಿ ಸಲೀಸಾಗಿ ತಿರುಗುತ್ತದೆಯೇ ನೋಡಿ. ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಕೆಪಾಸಿಟರ್. ಹಳೆಯದರ ಮೇಲಿರುವಷ್ಟೇ ಮೈಕ್ರೋಫ್ಯಾರಡಿನದ್ದನ್ನು ಎಲೆಕ್ಟ್ರಿಶಿಯನ್ ಕೈಯಲ್ಲೇ ಹಾಕಿಸಿ, ಏಕೆಂದರೆ ಪ್ಲಗ್ ಕಿತ್ತ ಮೇಲೂ ಅದು ಶಾಕ್ ಹೊಡೆಯಬಲ್ಲದು.

ನಿಮಿಷಕ್ಕೊಮ್ಮೆ ಆನ್-ಆಫ್ ಆಗುತ್ತಿದ್ದರೆ ಬ್ಯಾಟರಿಗೆ ಅದು ಬಹಳ ಕೆಟ್ಟದ್ದು, ಪ್ರತಿ ಸ್ಟಾರ್ಟಿಗೂ ದೊಡ್ಡ ಕರೆಂಟ್ ಹೋಗುತ್ತದೆ. ಫ್ಲೋಟಿನ ಕೇಬಲನ್ನು ಕಟ್ಟಿದ ಜಾಗದಿಂದ ಇನ್ನೆರಡು ಇಂಚು ಉದ್ದ ಬಿಟ್ಟರೆ ಆನ್ ಮತ್ತು ಆಫ್ ಮಟ್ಟಗಳ ಅಂತರ ಹೆಚ್ಚುತ್ತದೆ. ಎನ್‌ಆರ್‌ವಿ ಸೋರುತ್ತಿದ್ದರೂ ಹೀಗಾಗುತ್ತದೆ, ಪಂಪು ನಿಂತ ಕೂಡಲೇ ಪೈಪಿನಲ್ಲಿದ್ದ ನೀರೆಲ್ಲ ವಾಪಸು ಗುಂಡಿಗೆ ಬೀಳುತ್ತದೆ.

ಡಿಸಿ ಪಂಪು ನಿಧಾನವಾಗಿ ಓಡುತ್ತಿದ್ದರೆ ಬ್ಯಾಟರಿಯನ್ನು ಬೈಯುವ ಮೊದಲು ವಯರ್ ನೋಡಿ. ಬ್ಯಾಟರಿಯಿಂದ ಪಂಪಿಗೆ 10 ಮೀಟರ್ ದೂರ, 15 ಆಂಪಿಯರ್ ಕರೆಂಟ್ ಎಂದರೆ, ಮನೆಯ ವೈರಿಂಗಿನಲ್ಲಿ ಉಳಿದ 2.5 ಸ್ಕ್ವೇರ್ ಎಂಎಂ ವಯರಿನಲ್ಲಿ ಹೋಗಿಬರುವಷ್ಟರಲ್ಲಿ ಎರಡು ವೋಲ್ಟಿಗೂ ಹೆಚ್ಚು ಕಳೆದುಹೋಗುತ್ತದೆ. ಪಂಪಿಗೆ ಸಿಗುವುದು 10 ವೋಲ್ಟ್. 10 ಸ್ಕ್ವೇರ್ ಎಂಎಂ ತಾಮ್ರದ ವಯರು ಹಾಕಿದರೆ ನಷ್ಟ ಅರ್ಧ ವೋಲ್ಟಿನ ಆಸುಪಾಸಿಗೆ ಇಳಿಯುತ್ತದೆ. ಬ್ಯಾಟರಿಯ ಪಾಸಿಟಿವ್ ಟರ್ಮಿನಲಿನ ಹತ್ತಿರವೇ, ಒಂದು ಗೇಣಿನೊಳಗೆ, ಫ್ಯೂಸ್ ಇರಲೇಬೇಕು.

ಆರ್‌ಸಿಸಿಬಿ ಪದೇಪದೇ ಬಿದ್ದರೆ ಪಂಪಿನ ಕೇಬಲಿನ ಜಾಯಿಂಟ್ ನೋಡಿ. ಗುಂಡಿಯೊಳಗೆ ಟೇಪು ಸುತ್ತಿದ ಜಾಯಿಂಟ್ ಇದ್ದರೆ ಅದೇ ಕಳ್ಳ. ಜಾಯಿಂಟ್ ಯಾವತ್ತೂ ನೆಲದಿಂದ ನಾಲ್ಕಡಿ ಮೇಲೆ, ಮುಚ್ಚಿದ ಡಬ್ಬಿಯಲ್ಲಿರಬೇಕು. ಕೇಬಲ್ ಸರಿಯಿದ್ದು, ಇನ್ವರ್ಟರ್ ಜೋಡಿಸಿದ ಮೇಲಷ್ಟೇ ಹೀಗಾಗುತ್ತಿದ್ದರೆ ಇನ್ವರ್ಟರಿನ ನ್ಯೂಟ್ರಲ್ ಕಟ್ಟಡದ ನ್ಯೂಟ್ರಲಿಗೆ ಎಲ್ಲೋ ಸೇರಿಕೊಂಡಿದೆ.

ಇನ್ನು ಹೊರಗಿನ ಪೈಪು. ಅದರ ಬಾಯಿ ತೋಡಿನ ಅಥವಾ ರಸ್ತೆಬದಿ ಚರಂಡಿಯ ನೀರಿನಲ್ಲಿ ಮುಳುಗುವಂತಿರಬಾರದು. ನದಿ, ಸಮುದ್ರಕ್ಕೆ ಹತ್ತಿರದ, ಮಂಗಳೂರಿನ ಕುದ್ರೋಳಿ, ಬೊಕ್ಕಪಟ್ಣದಂಥ ಜಾಗಗಳಲ್ಲಿ ಉಬ್ಬರದ ಹೊತ್ತಿಗೆ ಜೋರು ಮಳೆಯೂ ಬಂದರೆ ತೋಡಿನ ನೀರು ಇಳಿಯುವುದೇ ಇಲ್ಲ. ಕೊಟ್ಟಾರ ಚೌಕಿಯ ಸುತ್ತಮುತ್ತ ತೋಡು ಉಕ್ಕುವುದು ಎಲ್ಲರಿಗೂ ಗೊತ್ತು. ಅಲ್ಲೆಲ್ಲ ಪೈಪಿನ ಬಾಯಿ ಹಿಂದೆ ನೀರು ಏರಿದ ಗುರುತಿಗಿಂತ ಒಂದಡಿ ಮೇಲಿರಲಿ, ಇಲ್ಲದಿದ್ದರೆ ನೀವು ಹೊರಹಾಕಿದ ನೀರೇ ರ‍್ಯಾಂಪಿನಲ್ಲಿ ಇಳಿದು ಬರುತ್ತದೆ. ಶೌಚಾಲಯದ ನೀರು ಹೋಗುವ ಒಳಚರಂಡಿಗಂತೂ ಈ ಪೈಪನ್ನು ಸೇರಿಸಬೇಡಿ.

ಬ್ಯಾಟರಿಯ ಆರೈಕೆ

ಬ್ಯಾಟರಿಯನ್ನು ಬೇಸ್‌ಮೆಂಟಿನ ನೆಲದ ಮೇಲೆ ಇಡುವುದು ಮೂರ್ಖತನ. ಆದರೂ ಇಟ್ಟಿರುತ್ತಾರೆ. ಒಂದು ಮಹಡಿ ಮೇಲೆ, ಆಗದಿದ್ದರೆ ಕನಿಷ್ಠ ನಾಲ್ಕಡಿ ಎತ್ತರದ ಗಟ್ಟಿ ಸ್ಟ್ಯಾಂಡಿನ ಮೇಲೆ, ಗಾಳಿಯಾಡುವ ಕಡೆ ಇಡಿ. ಚಾರ್ಜ್ ಆಗುವಾಗ ಹೈಡ್ರೋಜನ್ ಹೊರಬರುವುದರಿಂದ ಮುಚ್ಚಿದ ಕಪಾಟಿನಲ್ಲಿ ಇಡಬಾರದು, ಹತ್ತಿರ ಬೀಡಿ-ಸಿಗರೇಟು ಹಚ್ಚಬಾರದು.

ನೀರಿನ ಮಟ್ಟವನ್ನು ಎರಡು ತಿಂಗಳಿಗೊಮ್ಮೆ ನೋಡಿ. ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಬಾವಿ ನೀರಿನಲ್ಲಿ ಕಬ್ಬಿಣ, ಕಡಲಬದಿಯಾದರೆ ಉಪ್ಪು, ಎರಡೂ ಪ್ಲೇಟುಗಳನ್ನು ಕೊಲ್ಲುತ್ತವೆ. ಫಿಲ್ಟರ್ ನೀರೂ ಬೇಡ. ಪೂರ್ತಿ ಚಾರ್ಜ್ ಆದ ಮೇಲೆ ನೀರು ಹಾಕಿ, ಮೊದಲೇ ತುಂಬಿಸಿದರೆ ಚಾರ್ಜ್ ಆಗುವಾಗ ಉಕ್ಕಿ ಆಸಿಡ್ ಹೊರಚೆಲ್ಲುತ್ತದೆ. ಪ್ಲೇಟುಗಳೇ ಕಾಣುವಷ್ಟು ಇಳಿದಿದ್ದರೆ ಮಾತ್ರ ಅವು ಮುಳುಗುವಷ್ಟು ಮೊದಲೇ ಹಾಕಿ, ಬಾಕಿಯದ್ದು ಆಮೇಲೆ. ಆಸಿಡ್ ಎಂದೂ ಸೇರಿಸಬೇಡಿ.

ಕಡಲಗಾಳಿಗೆ ಟರ್ಮಿನಲಿನ ಮೇಲೆ ಬಿಳಿ, ಹಸಿರು ಪುಡಿ ಬೇಗ ಕಟ್ಟುತ್ತದೆ. ಪಂಪು ಸ್ಟಾರ್ಟ್ ಆಗುವಾಗ ಇನ್ವರ್ಟರು ಲೋ ಬ್ಯಾಟರಿ ಎಂದು ಕೂಗಿ ಮರುಕ್ಷಣ ಸರಿಹೋಗುತ್ತಿದ್ದರೆ ಈ ಪುಡಿಯೇ ಕಾರಣ ಇರಬಹುದು. ಇನ್ವರ್ಟರ್ ಆಫ್ ಮಾಡಿ, ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಒಂದು ಲೋಟ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿ. ಸೋಡಾ ನೀರು ಸೆಲ್ಲಿನೊಳಗೆ ಹೋಗದಂತೆ ಮುಚ್ಚಳಗಳು ಬಿಗಿಯಾಗಿರಲಿ. ಒಣಬಟ್ಟೆಯಲ್ಲಿ ಒರೆಸಿ, ಬಿಗಿಯಾಗಿ ಕೂರಿಸಿ, ಮೇಲಿನಿಂದ ವ್ಯಾಸಲಿನ್ ಸವರಿ. ಜೋಡಿಸುವಾಗ ಪಾಸಿಟಿವ್ ಮೊದಲು. ಸ್ಪ್ಯಾನರ್ ಎರಡೂ ಟರ್ಮಿನಲಿಗೆ ಒಟ್ಟಿಗೆ ತಾಗದ ಹಾಗೆ ಅದರ ಹಿಡಿಗೆ ಟೇಪು ಸುತ್ತಿಕೊಳ್ಳುವುದು ಒಳ್ಳೆಯ ಅಭ್ಯಾಸ, ಕೈಯ ಉಂಗುರ ತೆಗೆದಿಡುವುದೂ ಅಷ್ಟೇ.

ಚಾರ್ಜರ್ ತೆಗೆದು ನಾಲ್ಕೈದು ಗಂಟೆ ಬಿಟ್ಟು ಅಳೆದರೆ ತುಂಬಿದ ಟ್ಯೂಬ್ಯುಲರ್ ಬ್ಯಾಟರಿ 12.5ರಿಂದ 12.7 ವೋಲ್ಟ್ ತೋರಿಸುತ್ತದೆ. ಆಸಿಡ್ಡಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನಲ್ಲಿ ಹೆಚ್ಚಿನವು 1.240ರ ಹತ್ತಿರ ಇರುತ್ತವೆ, ಖಚಿತ ಅಂಕಿ ವಾರಂಟಿ ಕಾರ್ಡಿನಲ್ಲಿದೆ. ಒಟ್ಟು ಅಂಕಿಗಿಂತ ಸೆಲ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಐದು ಸೆಲ್ 1.235 ತೋರಿಸಿ ಆರನೆಯದು 1.180ರಲ್ಲಿ ನಿಂತರೆ ಆ ಬ್ಯಾಟರಿಯನ್ನು ಮಳೆಗಾಲಕ್ಕೆ ನಂಬಿ ಕೂರಬೇಡಿ. ಬದಲಾಯಿಸುವಾಗ ಎರಡನ್ನೂ ಒಟ್ಟಿಗೇ ಬದಲಾಯಿಸಬೇಕು, ಹಳೆಯದು ಹೊಸದನ್ನೂ ಎಳೆದು ಹಾಳುಮಾಡುತ್ತದೆ. ಹಳೆಯ ಕಾರಿನ ಬ್ಯಾಟರಿ ಜೋಡಿಸುವ ಉಳಿತಾಯ ಬೇಡ. ಅದು ಎಂಜಿನ್ ಸ್ಟಾರ್ಟಿಗೆಂದು ತೆಳು ಪ್ಲೇಟಿನಲ್ಲಿ ಮಾಡಿದ್ದು, ನಾಲ್ಕಾರು ಸಲ ಪೂರ್ತಿ ಖಾಲಿಯಾದರೆ ಮತ್ತೆ ಏಳುವುದಿಲ್ಲ. ಲಿಥಿಯಂ ಬ್ಯಾಟರಿಗೆ ಹೋಗುವವರು ಇರುವ ಚಾರ್ಜರ್ ಅದಕ್ಕೆ ಹೊಂದುತ್ತದೆಯೇ, ಪಂಪಿನ ಸ್ಟಾರ್ಟಿಂಗ್ ಕರೆಂಟನ್ನು ಅದರ ಬಿಎಂಎಸ್ (ಬ್ಯಾಟರಿಯೊಳಗಿನ ರಕ್ಷಣಾ ಸರ್ಕ್ಯೂಟ್) ತಾಳಿಕೊಳ್ಳುತ್ತದೆಯೇ ಎಂದು ಕೇಳಿಯೇ ಕೊಳ್ಳಿ.

ಬೇಸಿಗೆಯಲ್ಲಿ

ನವೆಂಬರ್ ಬಳಿಕ ಗುಂಡಿ ಒಣಗುತ್ತದೆ, ತಳದ ಕೆಸರು ಇಟ್ಟಿಗೆಯಂತೆ ಗಟ್ಟಿಯಾಗಿ ಇಂಪೆಲ್ಲರನ್ನು ಕಚ್ಚಿಹಿಡಿಯುತ್ತದೆ. ಮಳೆ ನಿಂತ ಕೂಡಲೇ ಕೆಸರು ತೆಗೆಸಿ, ಪಂಪನ್ನು ತಳಕ್ಕೆ ತಾಗದಂತೆ ಎರಡು ಇಟ್ಟಿಗೆಯ ಮೇಲೆ ಕೂರಿಸಿ. ತಿಂಗಳಿಗೊಮ್ಮೆ ಪಂಪು ಮುಳುಗುವಷ್ಟು ನೀರು ಬಿಟ್ಟು ಅರ್ಧ ನಿಮಿಷ ಓಡಿಸಿದರೆ ಸೀಲ್ ಒಣಗುವುದಿಲ್ಲ. ಉಳಿದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ. ಮಲೇರಿಯಾದ ಕಾಟ ಕಂಡ ಮಂಗಳೂರಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ, ಗುಂಡಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ. ಸೀಮೆಎಣ್ಣೆ, ಹಳೇ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ, ಅದು ಫ್ಲೋಟಿನ ಕೇಬಲನ್ನೂ ರಬ್ಬರ್ ಸೀಲನ್ನೂ ಮೆತ್ತಗೆ ಮಾಡಿ ತಿಂದುಹಾಕುತ್ತದೆ. ಚಾರ್ಜರನ್ನು ಬೇಸಿಗೆಯಲ್ಲೂ ಆನ್ ಇಟ್ಟಿರಿ, ಆರು ತಿಂಗಳು ಚಾರ್ಜ್ ಇಲ್ಲದೆ ಕೂತ ಲೆಡ್ ಆಸಿಡ್ ಬ್ಯಾಟರಿ ಮೇ ತಿಂಗಳಲ್ಲಿ ಏಳುವುದು ಕಷ್ಟ.

ವಾಚ್‌ಮನ್ ಕೋಣೆಯ ಒಂದು ಡಬ್ಬಿಯಲ್ಲಿ ಇಷ್ಟು ಇರಲಿ: ಒಂದು ಫ್ಲೋಟ್ ಸ್ವಿಚ್, ಪೈಪಿನ ಅಳತೆಯ ಒಂದು ಎನ್‌ಆರ್‌ವಿ, ಕೆಪಾಸಿಟರ್, ನಾಲ್ಕು ಫ್ಯೂಸ್, ಐದು ಲೀಟರ್ ಡಿಸ್ಟಿಲ್ಡ್ ವಾಟರ್, ಟಾರ್ಚ್. ಜೊತೆಗೆ ಬ್ಯಾಕಪ್ ಫ್ಲೋಟಿಗಿಂತ ಆರು ಇಂಚು ಮೇಲೆ ಇನ್ನೊಂದು ಫ್ಲೋಟ್ ಕಟ್ಟಿ, ಅದರ ವಯರನ್ನು ಒಂಬತ್ತು ವೋಲ್ಟಿನ ಬ್ಯಾಟರಿ ಇರುವ ಬಜರಿಗೆ ಜೋಡಿಸಿ ಅದೇ ಕೋಣೆಯಲ್ಲಿಡಿ. ಎರಡೂ ಪಂಪು ಸೋತ ರಾತ್ರಿ ಕಾರುಗಳನ್ನು ಮೇಲೆ ತರಲು ಅರ್ಧ ಗಂಟೆಯಾದರೂ ಸಿಗುತ್ತದೆ.